ಟಿಕ್ ಟಿಕ್ ಅನ್ನುವ ಇಂಜಿನ್: ಟ್ಯಾಪೆಟ್ ಸೆಟ್ಟಿಂಗ್ ಸಾಕಾ, ಟೈಮಿಂಗ್ ಚೈನೇ ಬದಲಾಯಿಸಬೇಕಾ?

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಹೋಂಸ್ಟೇಗಳಲ್ಲಿ ಓಡುವ ಸಣ್ಣ ಎಟಿವಿಗಳಲ್ಲಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಬಹಳಷ್ಟು 110 ಅಥವಾ 125 ಸಿಸಿಯವು. ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗುವ ಇಂಜಿನ್, ಮುಂದಕ್ಕೆ ಮಲಗಿಸಿದಂತೆ ಕೂರಿಸಿರುತ್ತಾರೆ. ಹೋಂಡಾ ಕಬ್‌ನ ವಿನ್ಯಾಸದಿಂದ ಬಂದ ಇಂಜಿನ್ ಇದು. ನಮ್ಮ ಹಳೇ ಸಿಡಿ100, ಸ್ಪ್ಲೆಂಡರ್ ಕೂಡ ಅದೇ ವಂಶದವು. ಹಾಗಾಗಿ ಇಲ್ಲಿ ಎಟಿವಿಗೆ ಹೇಳುವ ಮಾತಲ್ಲಿ ಮುಕ್ಕಾಲು ಪಾಲು ನಿಮ್ಮ ಬೈಕಿಗೂ ಹೊಂದುತ್ತದೆ.

ಈ ಇಂಜಿನ್ ಟಿಕ್ ಟಿಕ್ ಅನ್ನಲು ಶುರು ಮಾಡಿದರೆ ಗ್ಯಾರೇಜಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಟ್ಯಾಪೆಟ್ ಸೌಂಡ್ ಅಷ್ಟೇ, ಓಡಿಸಿ". ಇನ್ನೊಂದು, "ಟೈಮಿಂಗ್ ಚೈನ್ ಹೋಗಿದೆ, ಇಂಜಿನ್ ಬಿಚ್ಚಬೇಕು". ಟ್ಯಾಪೆಟ್ ಅಂದರೆ ವಾಲ್ವ್ ಒತ್ತುವ ರಾಕರ್ (ಸಣ್ಣ ತೋಳು) ತುದಿಯ ಸ್ಕ್ರೂ, ಅದಕ್ಕೂ ವಾಲ್ವಿಗೂ ನಡುವೆ ಸಣ್ಣ ಗ್ಯಾಪ್ ಇರಬೇಕು. ಟೈಮಿಂಗ್ ಚೈನ್ ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್‌ನಿಂದ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನು ತಿರುಗಿಸುವ ಒಳಗಿನ ಚೈನ್. ಎರಡನ್ನೂ ಇಂಜಿನ್ನಿಗೆ ಕೈ ಹಚ್ಚದೆ ಹೇಳಿದ್ದರೆ ಎರಡನ್ನೂ ನಂಬಬೇಡಿ. ನಿಜವಾಗಿ ಚೈನೇ ಸಡಿಲವಾಗಿದ್ದು ಸುಮ್ನೆ ಓಡಿಸಿದರೆ ಒಂದು ದಿನ ಚೈನ್ ಹಲ್ಲು ಹಾರಿ ವಾಲ್ವ್ ಬೆಂಡ್ ಆಗಬಹುದು. ಬರೀ ಟ್ಯಾಪೆಟ್ ಸಡಿಲವಿದ್ದಾಗ ಚೈನ್ ಹಾಕಿಸಿದರೆ ದುಡ್ಡೂ ಹೋಗುತ್ತದೆ, ಶಬ್ದವೂ ಹಾಗೇ ಉಳಿಯುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದನ್ನು ಇಂಜಿನ್ನೇ ಹೇಳುತ್ತದೆ. ಅದಕ್ಕೆ ಬೇಕಾದ್ದು ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳು), ಎರಡು ಮೂರು ಸ್ಪಾನರ್, ಸ್ವಲ್ಪ ತಾಳ್ಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಇಂಜಿನ್ನಿನಲ್ಲೂ ಟೈಮಿಂಗ್ ಚೈನ್ ಇರುವುದಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವಕ್ಕೆ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಹಳೇ ಬುಲೆಟ್‌ನಲ್ಲಿ ಕ್ಯಾಮ್ ತಿರುಗುವುದು ಗೇರ್‌ನಿಂದ, ವಾಲ್ವ್ ಎತ್ತುವುದು ಪುಶ್ ರಾಡ್. ಅಂಥ ಗಾಡಿಗೆ ಯಾರಾದರೂ "ಟೈಮಿಂಗ್ ಚೈನ್ ಹೋಗಿದೆ" ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಬಿಚ್ಚುವ ಮೊದಲು ಕಿವಿ ಕೊಡಿ

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ಯಾಮ್ ಮೇಲಿನ ಸ್ಪ್ರಾಕೆಟ್‌ನಲ್ಲಿ ಕ್ರ್ಯಾಂಕ್‌ನದಕ್ಕಿಂತ ಎರಡರಷ್ಟು ಹಲ್ಲು ಇರುವುದು ಅದಕ್ಕೇ. ಐಡಲ್ 1,500 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಸೆಕೆಂಡಿಗೆ 25 ಸುತ್ತು, ಕ್ಯಾಮ್ ಹನ್ನೆರಡೂವರೆ. ಒಂದು ವಾಲ್ವಿನ ಟ್ಯಾಪೆಟ್ ಸಡಿಲವಿದ್ದರೆ ಕ್ಯಾಮ್‌ನ ಒಂದು ಸುತ್ತಿಗೆ ಒಂದು ಟಿಕ್. ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್ (ಕ್ರ್ಯಾಂಕ್‌ಗೆ ಸೇರುವ ಕಡೆಯ ಬೇರಿಂಗ್) ಹೋಗಿದ್ದರೆ ಶಬ್ದ ಕ್ರ್ಯಾಂಕ್‌ನ ವೇಗದಲ್ಲಿ ಬರುತ್ತದೆ. ಅದು ಟಿಕ್ ಅಲ್ಲ, ದಪ್ಪಗೆ ಟೊಕ್ ಟೊಕ್ ಅನ್ನುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಇನ್ನೂ ಜೋರಾಗುತ್ತದೆ.

ಅಷ್ಟು ವೇಗವನ್ನು ಕಿವಿಯಲ್ಲಿ ಎಣಿಸಲು ಆಗುವುದಿಲ್ಲ. ಫೋನಿನಲ್ಲಿ ನಾಲ್ಕು ಸೆಕೆಂಡ್ ರೆಕಾರ್ಡ್ ಮಾಡಿ, ಶಬ್ದದ ಅಲೆ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಹಿಗ್ಗಿಸಿ ನೋಡಿ. 1,500ರ ಐಡಲ್‌ನಲ್ಲಿ ಸುಮಾರು 50 ಚೂಪು ಏರಿಳಿತ ಕಂಡರೆ ಶಬ್ದ ಬರುತ್ತಿರುವುದು ಕ್ಯಾಮ್ ಕಡೆಯಿಂದ. 100ರ ಹತ್ತಿರ ಇದ್ದರೆ ಕ್ರ್ಯಾಂಕ್ ಕಡೆ ಅನುಮಾನ ಪಡಿ. ಎರಡೂ ಟ್ಯಾಪೆಟ್ ಸಡಿಲವಿದ್ದಾಗಲೂ 100 ಕಾಣಬಹುದು. ಆದರೆ ಆಗ ಟಿಕ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ.

ಟ್ಯಾಪೆಟ್ ಶಬ್ದ ಹೊಲಿಗೆ ಮಷಿನ್ ಓಡಿದ ಹಾಗೆ ಇರುತ್ತದೆ. ಒಂದೇ ತಾಳ, ಸಣ್ಣ ಲೋಹದ ಸದ್ದು, ಆರ್‌ಪಿಎಂ ಏರಿಸಿದರೆ ಅದೂ ಏರುತ್ತದೆ. ಟೈಮಿಂಗ್ ಚೈನ್ ಶಬ್ದಕ್ಕೆ ಅಂಥ ತಾಳ ಇಲ್ಲ. ಗರ ಗರ, ಜರ ಜರ ಎಂದು ಹರಡಿಕೊಂಡು ಬರುತ್ತದೆ. ಐಡಲ್‌ನಲ್ಲಿ ಜಾಸ್ತಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹಿಡಿದರೆ ಕಡಿಮೆಯಾಗುತ್ತದೆ, ಥಟ್ಟನೆ ಬಿಟ್ಟಾಗ ಮತ್ತೆ ಗರ್ ಅನ್ನುತ್ತದೆ. ಬಿಟ್ಟ ಆ ಕ್ಷಣದಲ್ಲಿ ಚೈನಿನ ಬಿಗಿ ಬದಿ ಸಡಿಲವಾಗಿ, ಅದನ್ನು ದಾರಿಯಲ್ಲಿಡುವ ಗೈಡ್‌ಗೆ ಬಡಿಯುತ್ತದೆ. ನಾನು ಅತಿ ಹೆಚ್ಚು ನಂಬುವುದು ಈ ಒಂದು ಲಕ್ಷಣವನ್ನು.

ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿ, ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ. ಮೊದಲು ಟ್ಯಾಪೆಟ್ ಕ್ಯಾಪ್ ಮೇಲೆ, ಆಮೇಲೆ ಸಿಲಿಂಡರ್‌ನ ಎಡ ಬದಿಗೆ, ಕೊನೆಗೆ ಮ್ಯಾಗ್ನೆಟ್ (ಕ್ರ್ಯಾಂಕ್‌ನ ಎಡ ತುದಿಯಲ್ಲಿ ಕರೆಂಟ್ ತಯಾರಿಸುವ ಚಕ್ರ) ಕವರ್ ಮೇಲೆ. ಈ ಇಂಜಿನ್ನುಗಳಲ್ಲಿ ಚೈನ್ ಓಡುವುದು ಎಡಗಡೆ. ಶಬ್ದ ಕ್ಯಾಪ್ ಮೇಲೆ ಚುಚ್ಚಿದಂತೆ ಕೇಳಿ, ಎಡ ಬದಿಯಲ್ಲಿ ಮಂಕಾದರೆ ಟ್ಯಾಪೆಟ್. ಎಡ ಬದಿಯ ಉದ್ದಕ್ಕೂ ಕೇಳಿದರೆ ಚೈನ್. ತಿರುಗುವ ಭಾಗದ ಹತ್ತಿರ ಅಂಗಿ ತೋಳು, ಟವೆಲ್ ಬಾರದಂತೆ ನೋಡಿಕೊಳ್ಳಿ.

ಎರಡೂ ಅಲ್ಲದ ಟಿಕ್ ಟಿಕ್

ಇಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಸೈಲೆನ್ಸರ್ ಬೆಂಡ್ ಪೈಪ್ ಹೆಡ್ ಸೇರುವ ಜಾಗದ ಗ್ಯಾಸ್ಕೆಟ್ ಲೀಕ್ ಆದರೆ ಥೇಟ್ ಟ್ಯಾಪೆಟ್ ಸದ್ದೇ ಬರುತ್ತದೆ. ಕಲ್ಲು, ಗುಂಡಿ, ಏರು ಹತ್ತಿಳಿಯುವ ಎಟಿವಿಯಲ್ಲಿ ಆ ಎರಡು ನಟ್ ಸಡಿಲವಾಗುವುದು ಮಾಮೂಲು. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಒಂದೆರಡು ಸೆಕೆಂಡ್ ಅರೆಬರೆ ಮುಚ್ಚಿ. ಟಿಕ್ ಜೋರಾದರೆ ಗ್ಯಾಸ್ಕೆಟ್. ಬೆಂಡ್ ಪೈಪ್ ಬುಡದಲ್ಲಿ ಕಪ್ಪು ಮಸಿ ಹಿಡಿದಿದ್ದರೂ ಅದೇ.

ಪ್ಲಗ್ ಕ್ಯಾಪ್ ಬಿರುಕು ಬಿಟ್ಟು ಕರೆಂಟ್ ಹೊರಗೆ ಹಾರುತ್ತಿದ್ದರೂ ಟಿಕ್ ಕೇಳುತ್ತದೆ. ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ ಕಾಣುತ್ತದೆ. ಇಂಜೆಕ್ಟರ್ ಇರುವ ಇಂಜಿನ್ನಿನಲ್ಲಿ ಸಣ್ಣ ಟಿಕ್ ಇರುವುದು ಸಹಜ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಬೈಕ್ ಕೊಂಡವರು ಇದನ್ನು ರೋಗ ಅಂದುಕೊಳ್ಳಬೇಕಿಲ್ಲ. ದೊಡ್ಡ ಎಟಿವಿಗಳ ಕ್ಯಾಮ್ ಮೇಲೆ ಸ್ಟಾರ್ಟಿಂಗ್ ಸುಲಭ ಮಾಡಲು ಡಿಕಂಪ್ರೆಸರ್ ಇರುತ್ತದೆ. ಅದು ಐಡಲ್‌ನಲ್ಲಿ ಟಿಕ್ ಅಂದು, ಆರ್‌ಪಿಎಂ ಏರಿದೊಡನೆ ಸುಮ್ಮನಾಗುತ್ತದೆ. ತಣ್ಣಗಿರುವಾಗ ಟಕ ಟಕ ಅಂದು ಬಿಸಿಯಾದ ಮೇಲೆ ನಿಂತರೆ ಪಿಸ್ಟನ್ ಸಡಿಲವಾಗಿರಬಹುದು. ಗಾಡಿ ಚಲಿಸುವಾಗ ಮಾತ್ರ ಬಂದು ನ್ಯೂಟ್ರಲ್‌ನಲ್ಲಿ ಇಲ್ಲವಾದರೆ ಇಂಜಿನ್ ಬಿಡಿ, ಹಿಂದಿನ ಚೈನ್, ಸ್ಪ್ರಾಕೆಟ್, ಬೇರಿಂಗ್ ನೋಡಿ.

ಇಷ್ಟಕ್ಕಿಂತ ಮೊದಲು ಆಯಿಲ್ ನೋಡಬೇಕು. ಏರು ಹತ್ತುವ, ಹೊಳೆ ದಾಟುವ ಗಾಡಿಗೆ ಇದು ಇನ್ನೂ ಮುಖ್ಯ. ಲೆವೆಲ್ ಕಡಿಮೆ ಇದ್ದರೆ ಮೇಲಿನ ಕ್ಯಾಮ್, ರಾಕರ್‌ಗೆ ಆಯಿಲ್ ಸರಿಯಾಗಿ ಹೋಗುವುದಿಲ್ಲ. ಹಾಲು ಬೆರೆತ ಬಣ್ಣ ಬಂದಿದ್ದರೆ ನೀರು ಸೇರಿದೆ, ಬದಲಾಯಿಸಿ. ಶಬ್ದ ಕಡಿಮೆಯಾಗಲಿ ಎಂದು ದಪ್ಪ ಆಯಿಲ್ ಹಾಕುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಅದನ್ನು ಮಾಡಬೇಡಿ. ಸದ್ದು ಮುಚ್ಚಿಹೋಗುತ್ತದೆ, ಸವೆತ ನಿಲ್ಲುವುದಿಲ್ಲ. ಬೆಳಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆ ದಪ್ಪ ಆಯಿಲ್ ಹೆಡ್ ತಲುಪಲು ಇನ್ನೂ ತಡ ಮಾಡುತ್ತದೆ.

ಅಳತೆ ಹೇಳುವ ಸತ್ಯ

ಮೊದಲು ಟ್ಯಾಪೆಟ್. ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು. ಪ್ಲಗ್ ಬಿಚ್ಚಿ, ಎರಡು ಟ್ಯಾಪೆಟ್ ಕ್ಯಾಪ್ ತೆಗೆದು, ಮ್ಯಾಗ್ನೆಟ್ ನಟ್ ಹಿಡಿದು ನಿಧಾನಕ್ಕೆ ತಿರುಗಿಸಿ. ಎಡಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ. ಮ್ಯಾಗ್ನೆಟ್ ಮೇಲಿನ ಟಿ ಗುರುತು ಕೇಸಿನ ಗೆರೆಗೆ ಸರಿಯಾಗಿ ಬಂದಾಗ ಎರಡೂ ರಾಕರ್ ಹಿಡಿದು ಅಲ್ಲಾಡಿಸಿ. ಎರಡರಲ್ಲೂ ಸಣ್ಣ ಆಟ ಇದ್ದರೆ ಕಂಪ್ರೆಶನ್ ಸ್ಟ್ರೋಕ್‌ನಲ್ಲಿದ್ದೀರಿ. ಒಂದು ಬಿಗಿ ಹಿಡಿದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಈ ಕಬ್ ಜಾತಿಯ ಇಂಜಿನ್ನಿಗೆ ಸಾಮಾನ್ಯವಾಗಿ 0.05 ಮಿ.ಮೀ. ಗ್ಯಾಪ್, ಇನ್‌ಲೆಟ್‌ಗೂ ಎಕ್ಸಾಸ್ಟ್‌ಗೂ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. 0.05ರ ಎಲೆ ಸ್ವಲ್ಪ ಹಿಡಿದ ಹಾಗೆ ಜಾರಬೇಕು. ದಪ್ಪದ ಎಲೆ ಸಲೀಸಾಗಿ ಹೋದರೆ ಸಡಿಲ, ಶಬ್ದಕ್ಕೆ ಕಾರಣ ಸಿಕ್ಕಿತು. ಎಲೆಯೇ ಹೋಗದಿದ್ದರೆ ಅದು ಇನ್ನೂ ಕೆಟ್ಟದ್ದು. ಬಿಗಿ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ. ಆದರೆ ವಾಲ್ವ್ ಪೂರ್ತಿ ಕೂರದೆ ಅಂಚು ಸುಡುತ್ತದೆ, ಕಂಪ್ರೆಶನ್ ಹೋಗುತ್ತದೆ. ಆದ್ದರಿಂದ ಟಿಕ್ ಪೂರ್ತಿ ನಿಲ್ಲಲಿ ಎಂದು ಬಿಗಿ ಮಾಡಬೇಡಿ. ಅಳತೆಯಲ್ಲಿದ್ದು ಸ್ವಲ್ಪ ಸದ್ದು ಮಾಡಿದರೆ ಅದೇ ಆರೋಗ್ಯ.

ಈಗ ಚೈನ್. ಹೆಡ್‌ನ ಎಡಗಡೆಯ ಗುಂಡು ಕವರ್ ತೆಗೆಯಿರಿ, ಕ್ಯಾಮ್ ಸ್ಪ್ರಾಕೆಟ್ ಕಾಣುತ್ತದೆ. ಮ್ಯಾಗ್ನೆಟ್‌ನ ಟಿ ಗುರುತು ಸರಿ ಕೂತಾಗ ಸ್ಪ್ರಾಕೆಟ್ ಮೇಲಿನ ಸೊನ್ನೆ ಗುರುತು ಹೆಡ್‌ನ ಕಚ್ಚಿಗೆ ನೇರ ಬರಬೇಕು. ಗುರುತಿಗೆ ತಿರುಗಿಸುವಾಗ ಇಂಜಿನ್ ಓಡುವ ದಿಕ್ಕಿಗೆ ಮಾತ್ರ ತಿರುಗಿಸಿ. ದಾಟಿಹೋಯಿತು ಎಂದು ಸ್ವಲ್ಪ ಹಿಂದಕ್ಕೆ ಎಳೆದರೆ ಸಡಿಲವೆಲ್ಲ ತಪ್ಪು ಬದಿಗೆ ಬಂದು ಸುಳ್ಳು ಓದು ಸಿಗುತ್ತದೆ.

ಸೊನ್ನೆ ಗುರುತು ಒಂದು ಹಲ್ಲಿಗಿಂತ ಕಡಿಮೆ ಹಿಂದೆ ಬಿದ್ದಿದ್ದರೆ ಚೈನ್ ಸವೆದು ಉದ್ದವಾಗಿದೆ. ಪೂರ್ತಿ ಒಂದು ಹಲ್ಲು ತಪ್ಪಿದ್ದರೆ ಚೈನ್ ಹಾರಿದೆ, ಇಲ್ಲವೇ ಹಿಂದೆ ಯಾರೋ ತಪ್ಪಾಗಿ ಕೂರಿಸಿದ್ದಾರೆ. ಒಂದು ಹಲ್ಲು ಸಣ್ಣ ಮಾತಲ್ಲ. 28 ಹಲ್ಲಿನ ಸ್ಪ್ರಾಕೆಟ್ ಆದರೆ ಒಂದು ಹಲ್ಲು ಕ್ಯಾಮ್‌ನಲ್ಲಿ ಸುಮಾರು 13 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 26 ಡಿಗ್ರಿ. ಅಷ್ಟು ತಡವಾಗಿ ವಾಲ್ವ್ ತೆರೆದರೆ ಗಾಡಿ ಏರಿನಲ್ಲಿ ಎಳೆಯುವುದೇ ಇಲ್ಲ, ಸ್ಟಾರ್ಟಿಂಗೂ ಕಷ್ಟ.

ಚೈನ್ ರಬ್ಬರ್‌ನಂತೆ ಹಿಗ್ಗುವುದಿಲ್ಲ. ಒಂದೊಂದು ಲಿಂಕಿನ ಪಿನ್ ಮತ್ತು ಬುಶ್ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದ ಜಾಸ್ತಿಯಾಗುತ್ತದೆ. ಈ ಇಂಜಿನ್ನುಗಳಿಗೆ ಬರುವ 25ಎಚ್ ಚೈನಿನ ಲಿಂಕ್‌ನಿಂದ ಲಿಂಕಿಗೆ 6.35 ಮಿ.ಮೀ. 84 ಲಿಂಕಿನ ಚೈನ್ ಎಂದುಕೊಳ್ಳಿ, ಹೊಸದರ ಉದ್ದ 533 ಮಿ.ಮೀ. ಚಿಲ್ಲರೆ. ಶೇಕಡಾ ಒಂದು ಸವೆದರೂ ಐದು ಮಿ.ಮೀ. ಹೆಚ್ಚುವರಿ ಸಡಿಲ ಬಂತು. ಅದನ್ನೆಲ್ಲ ಚೈನ್ ಬಿಗಿ ಹಿಡಿಯುವ ಟೆನ್ಶನರ್ ನುಂಗಬೇಕು. ಅದರ ಓಟ ಮುಗಿದ ದಿನ ಚೈನ್ ಕೇಸಿನ ಗೋಡೆಗೆ ಉಜ್ಜಲು ಶುರುವಾಗುತ್ತದೆ.

ಕವರ್ ತೆಗೆದಿರುವಾಗಲೇ ಇನ್ನೊಂದು ನೋಡಿ. ಮ್ಯಾಗ್ನೆಟ್ ನಟ್ ಹಿಡಿದು ಹಿಂದೆ ಮುಂದೆ ಚೂರೇ ಆಡಿಸಿ. ಕ್ರ್ಯಾಂಕ್ ಅಲ್ಲಾಡಿದರೂ ಕ್ಯಾಮ್ ಸ್ಪ್ರಾಕೆಟ್ ಕದಲಲು ತಡ ಮಾಡಿದರೆ ನಡುವೆ ಸಡಿಲ ಇದೆ. ಆಮೇಲೆ ಸ್ಪ್ರಾಕೆಟ್ ಮೇಲಿನ ಚೈನನ್ನು ಉಗುರಲ್ಲಿ ಎತ್ತಿ. ಹಲ್ಲಿನ ಅರ್ಧಕ್ಕಿಂತ ಜಾಸ್ತಿ ಮೇಲೆದ್ದು ಬಂದರೆ ಆ ಚೈನ್ ಮುಗಿದಿದೆ.

ಆಯಿಲ್ ಇಳಿಸಿದಾಗ ತಟ್ಟೆಗೆ ಸೋಸಿ ನೋಡುವುದನ್ನು ಮರೆಯಬೇಡಿ. ಸ್ಪ್ಲೆಂಡರ್ ಜಾತಿಯ ಇಂಜಿನ್ನಿನಲ್ಲಿ ಒಂದು ಜಾಲರಿ ಇರುತ್ತದೆ, ಬಲಗಡೆ ಕವರ್ ಒಳಗೆ ತಿರುಗುವ ಫಿಲ್ಟರ್ ಇರುತ್ತದೆ. ಕಪ್ಪು ರಬ್ಬರ್ ಚೂರು ಸಿಕ್ಕರೆ ಟೆನ್ಶನರ್ ರೋಲರ್ ಅಥವಾ ಗೈಡ್ ಒಡೆಯುತ್ತಿದೆ. ಆಯಸ್ಕಾಂತಕ್ಕೆ ಅಂಟದ ಬೆಳ್ಳಿ ಪುಡಿ ಅಲ್ಯೂಮಿನಿಯಂ, ಚೈನ್ ಕೇಸನ್ನು ತಿನ್ನುತ್ತಿರಬಹುದು. ಅಂಟಿದರೆ ಉಕ್ಕು. ಅದು ಚೂರುಚೂರಾಗಿ ಬಂದಿದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಈಗ ಯಾವುದನ್ನು ಆರಿಸಬೇಕು

ಗುರುತು ಸರಿಯಿದೆ, ಚೈನ್ ಬಿಗಿ ಇದೆ, ಟ್ಯಾಪೆಟ್ ಮಾತ್ರ ಸಡಿಲ. ಹಾಗಾದರೆ ಸೆಟ್ಟಿಂಗ್ ಮಾಡಿಸಿ, ಮುಗಿಯಿತು. ಪಾರ್ಟ್ಸ್ ಬೇಡ, ಹೆಚ್ಚೆಂದರೆ ಕ್ಯಾಪ್‌ಗಳ ಓ-ರಿಂಗ್. ಆದರೆ ಸೆಟ್ ಮಾಡಿ ಕೆಲವೇ ದಿನಕ್ಕೆ ಮತ್ತೆ ಶಬ್ದ ಬಂದರೆ, ಅಥವಾ ಅಳತೆ ಸರಿಯಿದ್ದೂ ಸದ್ದು ಹೋಗದಿದ್ದರೆ, ಟ್ಯಾಪೆಟ್ ಸ್ಕ್ರೂವಿನ ತುದಿ ಅಥವಾ ಕ್ಯಾಮ್‌ಗೆ ತಾಗುವ ರಾಕರ್‌ನ ಮುಖ ಗುಳಿ ಬಿದ್ದಿರಬಹುದು. ಸ್ಕ್ರೂ ತುದಿಯಲ್ಲಿ ಗುಳಿ ಇದ್ದರೆ ಫೀಲರ್ ಎಲೆ ಅದರೊಳಕ್ಕೆ ಇಳಿಯದೆ ಮೇಲೇ ಸೇತುವೆ ಕಟ್ಟುತ್ತದೆ. 0.05 ತೋರಿಸಿದರೂ ನಿಜವಾದ ಗ್ಯಾಪ್ ಜಾಸ್ತಿ ಇರುತ್ತದೆ. ಆಗ ಸ್ಕ್ರೂ ಬದಲಾಯಿಸಬೇಕು. ಗುಳಿ ರಾಕರ್‌ನ ಮುಖದಲ್ಲಿದ್ದರೆ ಕ್ಯಾಮ್ ಶಾಫ್ಟ್ ಮತ್ತು ರಾಕರ್ ಜೊತೆಗೇ ಬದಲಾಯಿಸಬೇಕು. ಒಂದನ್ನು ಹೊಸದು ಹಾಕಿ ಇನ್ನೊಂದನ್ನು ಹಳೆಯದೇ ಬಿಟ್ಟರೆ ಹೊಸದನ್ನೂ ಅದು ತಿನ್ನುತ್ತದೆ.

ಚೈನ್ ಗರ ಗರ ಅನ್ನುತ್ತಿದೆ, ಆದರೆ ಸೊನ್ನೆ ಗುರುತು ನೇರ ಇದೆ, ಚೈನ್ ಹಲ್ಲಿನಿಂದ ಮೇಲೇಳುತ್ತಿಲ್ಲ. ಇಲ್ಲಿ ಟೆನ್ಶನರ್ ಮಾತ್ರ ನೋಡಿದರೆ ಸಾಕು. ಕಬ್ ಜಾತಿಯಲ್ಲಿ ಒಂದು ಸ್ಪ್ರಿಂಗ್, ಅದರ ಪುಶ್ ರಾಡ್, ರೋಲರ್ ಇರುವ ಒಂದು ಆರ್ಮ್ ಸೇರಿ ಟೆನ್ಶನರ್. ಸ್ಪ್ರಿಂಗ್ ಕುಗ್ಗಿರುತ್ತದೆ, ಇಲ್ಲವೇ ರೋಲರಿನ ರಬ್ಬರ್ ಕಲ್ಲಾಗಿ ಬಿರಿದಿರುತ್ತದೆ. ಎರಡೂ ಅಗ್ಗದ ಪಾರ್ಟ್ಸ್. ರ‍್ಯಾಚೆಟ್ ಇರುವ ಆಟೋಮ್ಯಾಟಿಕ್ ಟೆನ್ಶನರ್ ಆದರೆ ಬಿಚ್ಚಿದಾಗ ಕೋಲು ಎಷ್ಟು ಹೊರಬಂದಿದೆ ನೋಡಿ. ಪೂರ್ತಿ ಹೊರಗಿದ್ದರೆ ಹೊಸ ಟೆನ್ಶನರ್ ಹಾಕಿಯೂ ಪ್ರಯೋಜನ ಇಲ್ಲ, ಚೈನೇ ಉದ್ದವಾಗಿದೆ. ಅದನ್ನು ತಿರುಗಿ ಹಾಕುವಾಗ ಕೋಲನ್ನು ಒಳಕ್ಕೆ ತಿರುಗಿಸಿ ಲಾಕ್ ಮಾಡಿಯೇ ಕೂರಿಸಬೇಕು. ಹೊರಬಂದ ಕೋಲನ್ನು ಹಾಗೇ ಇಟ್ಟು ಬೋಲ್ಟ್ ಬಿಗಿದರೆ ಚೈನ್ ಅತಿ ಬಿಗಿಯಾಗುತ್ತದೆ. ಟೆನ್ಶನರ್ ಹೊರಗಿರುವಾಗ ಇಂಜಿನ್ ತಿರುಗಿಸಲೇಬಾರದು.

ಆಟೋಮ್ಯಾಟಿಕ್ ತೆಗೆದು ಮ್ಯಾನ್ಯುವಲ್ ಟೆನ್ಶನರ್ ಹಾಕಲೇ ಎಂದು ಕೇಳುವವರು ಇದ್ದಾರೆ. ಹೊರದೇಶಗಳಲ್ಲಿ ಸ್ಪೋರ್ಟ್ ಎಟಿವಿ ರೇಸ್ ಓಡಿಸುವವರು ಹಾಕುತ್ತಾರೆ. ಬೋಲ್ಟ್ ಬಿಗಿದಷ್ಟಕ್ಕೆ ನಿಲ್ಲುತ್ತದೆ, ಹಿಂದೆ ಜಾರುವುದಿಲ್ಲ. ಆದರೆ ಕಾಲಕಾಲಕ್ಕೆ ಯಾರಾದರೂ ಅಡ್ಜಸ್ಟ್ ಮಾಡಲೇಬೇಕು. ಸಡಿಲ ಬಿಟ್ಟರೆ ಹಲ್ಲು ಹಾರುತ್ತದೆ, ಜಾಸ್ತಿ ಬಿಗಿದರೆ ಚೈನ್, ಗೈಡ್, ಕ್ಯಾಮ್ ಬೇರಿಂಗ್ ಎಲ್ಲ ಬೇಗ ಸವೆಯುತ್ತವೆ. ಒಬ್ಬರೇ ಓಡಿಸಿ ಒಬ್ಬರೇ ನೋಡಿಕೊಳ್ಳುವ ಗಾಡಿಗೆ ಸರಿ. ದಿನಕ್ಕೆ ಹತ್ತು ಜನ ಹತ್ತಿಳಿಯುವ ಹೋಂಸ್ಟೇ ಗಾಡಿಗೆ ನಾನಂತೂ ಬೇಡ ಅನ್ನುತ್ತೇನೆ.

ಗುರುತು ಹಿಂದೆ ಬಿದ್ದಿದೆ, ಇಲ್ಲವೇ ಚೈನ್ ಹಲ್ಲಿನಿಂದ ಏಳುತ್ತಿದೆ. ಹಾಗಿದ್ದರೆ ಪೂರ್ತಿ ಸೆಟ್: ಚೈನ್, ಎರಡೂ ಸ್ಪ್ರಾಕೆಟ್, ಗೈಡ್, ರೋಲರ್, ಟೆನ್ಶನರ್. "ಚೈನ್ ಮಾತ್ರ ಹಾಕಿ ಸಾಕು" ಎಂದು ಉಳಿಸಲು ನೋಡಬೇಡಿ. ಹಳೇ ಚೈನಿಗೆ ಹೊಂದಿಕೊಂಡು ಸವೆದ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಖರ್ಚು ಜಾಸ್ತಿಯಾಗುವುದು ಪಾರ್ಟ್ಸಿಗಲ್ಲ, ಮ್ಯಾಗ್ನೆಟ್ ಬಿಚ್ಚಿ ಒಳಗೆ ಹೋಗುವ ಕೂಲಿಗೆ. ಆ ಕೂಲಿ ಎರಡು ಸಲ ಕೊಡುವುದು ಯಾಕೆ, ಅಲ್ವಾ? ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಇದೆಯಾ ಎಂದು ಮೊದಲೇ ಕೇಳಿ. ಸುತ್ತಿಗೆಯಲ್ಲಿ ಹೊಡೆದು ತೆಗೆಯುವ ಕಡೆ ಗಾಡಿ ಬಿಡಬೇಡಿ, ಕ್ರ್ಯಾಂಕ್ ತುದಿಯೇ ಹಾಳಾಗುತ್ತದೆ. ಚೈನ್ ಕೊಳ್ಳುವಾಗ ಹಳೆಯದರ ಲಿಂಕ್ ಎಣಿಸಿಕೊಂಡು ಹೋಗಿ. ನೋಡಲು ಒಂದೇ ಥರ ಇರುವ ಇಂಜಿನ್ನುಗಳಲ್ಲೂ ಸಿಸಿ ಬದಲಾದರೆ ಲಿಂಕ್ ಸಂಖ್ಯೆ ಬೇರೆ ಇರಬಹುದು.

ಬಿಗ್ ಎಂಡ್ ಹೋಗಿದ್ದರೆ ಲೆಕ್ಕವೇ ಬೇರೆ. ಕ್ರ್ಯಾಂಕ್ ಕೇಸ್ ಬಿಚ್ಚಬೇಕು. ಆಗ ಚೈನ್, ಟೆನ್ಶನರ್, ಪಿಸ್ಟನ್ ಎಲ್ಲ ಒಟ್ಟಿಗೇ ನೋಡಿಬಿಡುವುದು ಲೇಸು. ಸಣ್ಣ 110ರ ಎಟಿವಿಗೆ ಪೂರ್ತಿ ಇಂಜಿನ್ನೇ ಸಿಗುವುದಾದರೆ ಎರಡರ ಬೆಲೆಯನ್ನೂ ಬರೆಸಿಕೊಂಡು ಹೋಲಿಸಿ. ಬೈಕಿಗೆ ಈ ದಾರಿ ಹಿಡಿಯಬೇಡಿ, ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ.

ಯಾವ ಕೆಲಸ ಮಾಡಿಸಿದರೂ ಸ್ಟಾರ್ಟ್ ಮಾಡುವ ಮೊದಲು ಎದುರು ನಿಂತು ಒಂದು ಕೆಲಸ ಮಾಡಿಸಿ. ಪ್ಲಗ್ ಹೊರಗಿಟ್ಟು, ಮ್ಯಾಗ್ನೆಟ್ ನಟ್ ಹಿಡಿದು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಲು ಹೇಳಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬಾರದು, ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ತಡೆಯಿಲ್ಲದೆ ತಿರುಗಿ, ಟಿ ಗುರುತು ಮತ್ತು ಸೊನ್ನೆ ಗುರುತು ಎರಡೂ ಮತ್ತೆ ಜಾಗಕ್ಕೆ ಬಂದರೆ ಕವರ್ ಮುಚ್ಚಬಹುದು. ಹಳೇ ಚೈನ್ ಮತ್ತು ಟೆನ್ಶನರ್ ಕೇಳಿ ಪಡೆದುಕೊಳ್ಳಿ. ಹೊಸ ಆಯಿಲನ್ನು ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೆ ಇಳಿಸಿ, ಜಾಲರಿಯಲ್ಲಿ ರಬ್ಬರ್ ಅಥವಾ ಲೋಹದ ಚೂರು ಉಳಿದಿದೆಯಾ ನೋಡಿ.